ಯಾರನ್ನ ಕರೀಲಿ

"ಯಾರ್ರೀ ಈ ಅನ್‌ಡಿಫೈನ್ಡ್? ಮೂರು ಸಲ ಒದರಿದರೂ ಒಬ್ಬರೂ ಏಳವಲ್ರು!" ನೋಯುವ ಹಲ್ಲಿನ ಕೆನ್ನೆಗೆ ಸೆರಗು ಒತ್ತಿಕೊಂಡೇ ಉಮಾಬಾಯಿ ಕೇಳಿದರು. ತಾರ್ನಾಕ ಬಡಾವಣೆಯ ಆ ಹಲ್ಲಿನ ದವಾಖಾನೆಯಲ್ಲಿ ಸಾಲಾಗಿ ಕೂತಿದ್ದವರೆಲ್ಲ ನಕ್ಕರು.

ಸಿದ್ದರಾಮಪ್ಪ ನಗಲಿಲ್ಲ. ಬಾಗಿಲಲ್ಲಿ ನಿಂತು ರೋಗಿಗಳ ಹೆಸರು ಕೂಗುತ್ತ ಅವನಿಗೆ ಹದಿನೆಂಟು ವರ್ಷ ಕಳೆದಿತ್ತು. ಇವತ್ತು ಗೋಡೆಗೆ ಕಂಪ್ಯೂಟರ್ ಪರದೆ ಬಂದಿದೆ. ಇನ್ನು ಗಂಟೆ ಬಾರಿಸಿ, ಎರಡು ಸೆಕೆಂಡು ಬಿಟ್ಟು, ಆ ಪರದೆಯೇ ರೋಗಿಯ ಹೆಸರು ಕೂಗಬೇಕು. ಆದರೆ ಹೆಸರು ಸಿಗದೆ ಪ್ರತಿ ಸಲವೂ 'ಅನ್‌ಡಿಫೈನ್ಡ್' ಎಂದೇ ಕೂಗುತ್ತಿದೆ. ಸಂಜೆಯೊಳಗೆ ಸರಿಯಾಗಿ ಕೂಗಿತೋ, ನಾಳೆಯಿಂದ ನೀನು ಬರುವುದು ಬೇಡ ಎಂದು ಡಾಕ್ಟರಮ್ಮ ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

ಪರದೆಗೆ ಪ್ರೋಗ್ರಾಂ ಬರೆದ ಮೈಸೂರಿನ ಸಂಯುಕ್ತಾ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಬೆವರುತ್ತಿದ್ದಳು.

"ಇಲ್ಲಿ ಬರೆದಿದ್ದೀನಲ್ಲ ಅಂಕಲ್, ದಿಸ್ ಡಾಟ್ ಹೆಸರು ಅಂತ. ದಿಸ್ ಅಂದ್ರೆ ಈ ರೋಗಿ. ನಾನೇ ನೇರವಾಗಿ ಕರೆಸಿದ್ರೆ ಹೆಸರು ಬರುತ್ತೆ. ಎರಡು ಸೆಕೆಂಡು ಕಾಯಿಸೋ ಟೈಮರ್‌ಗೆ ಕೊಟ್ರೆ ಬರಲ್ಲ!"

"ಟೈಮರ್‌ಗೆ ಏನು ಕೊಟ್ಟೀರಿ ಮೇಡಂ?"

"ಫಂಕ್ಷನ್ನು, ಅಂದ್ರೆ ಹೆಸರು ಕೂಗೋ ಆದೇಶ. ಅಷ್ಟೇ."

"ಹಂಗಾರ ಪಾಪ, ಅದರದೇನು ತಪ್ಪು? ಡಾಕ್ಟರಮ್ಮ ಪೇಷಂಟ್ ಬಾಜೂ ನಿಂತು 'ಇವರನ್ನ ಕರಿ' ಅಂದ್ರ ನನಗ ತಿಳೀತೈತಿ. ಆ ಮಾತಷ್ಟ ನರ್ಸ್ ಕೈಲೆ ಹೇಳಿ ಕಳಿಸಿದ್ರ? ಆಕಿ ಒಬ್ಬಾಕಿನ ಬಂದು 'ಇವರನ್ನ ಕರಿ' ಅಂತಾಳ. ನಾ ಯಾರನ್ನ ಕರೀಲಿ? ಮಾತಿನ ಕೂಡ ಪೇಷಂಟನ್ನೂ ಕಳಿಸಬೇಕ್ರಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಹುಡುಗಿ ನೆಟ್ಟಗೆ ಕೂತಿದ್ದಳು.

"ಅಯ್ಯೋ, ಹೌದು! ಫಂಕ್ಷನ್ನ ಯಾರ ಮೂಲಕ ಕರೀತೀವೋ ಅವರೇ ದಿಸ್. ಟೈಮರ್‌ಗೆ ಕೆಲಸ ಮಾತ್ರ ಕೊಟ್ಟಿದ್ದೀನಿ, ರೋಗೀನ ಜೊತೆಗೆ ಕಟ್ಟೇ ಇಲ್ಲ!" ಬೈಂಡ್, ಅಂದರೆ ಕಟ್ಟು, ಎಂಬ ಒಂದು ಪದ ಸೇರಿಸಿ, ಅದರ ಮುಂದೆ ರೋಗಿಯನ್ನಿಟ್ಟು ಗುಂಡಿ ಒತ್ತಿದಳು.

ಪರದೆ ಗಂಟೆ ಬಾರಿಸಿತು. ಎರಡು ಸೆಕೆಂಡು. "ಉಮಾಬಾಯಿ, ರೂಮ್ ನಂಬರ್ ಟೂ."

ಉಮಾಬಾಯಿ ಥಟ್ಟನೆ ಎದ್ದು ಒಳಗೆ ನಡೆದರು. ಸಿದ್ದರಾಮಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

"ನೀವು ಹೇಳದಿದ್ರೆ ನನಗೆ ಹೊಳೀತಾನೇ ಇರಲಿಲ್ಲ ಅಂಕಲ್."

"ಅದರಾಗೇನೈತಿ ಬಿಡ್ರಿ. ಮಂದೀನ ತಪ್ಪು ಹೆಸರ್ಲೆ ಒದರೂದು ಕೇಳಾಕ ಆಗಲಿಲ್ಲ."

ಮತ್ತೆ ಗಂಟೆ. ಇನ್ನೊಂದು ಹೆಸರು. ಆ ಮನುಷ್ಯನೂ ಎದ್ದ. ಸಿದ್ದರಾಮಪ್ಪ ಬಾಗಿಲು ಬಿಟ್ಟು ಬಂದು, ರೋಗಿಗಳ ಸಾಲಿನಲ್ಲಿ ಖಾಲಿಯಾದ ಕುರ್ಚಿಯ ಮೇಲೆ ಕೂತ.