ಮುಂಬಯಿಯಲ್ಲಿ ಇಳಿದುಕೊಳ್ಳಲು

ಗಂಡ ಹೆಂಡತಿ ಇಬ್ಬರೂ ಮುಂಬಯಿ ಕಂಡವರಲ್ಲ. ಶನಿವಾರ ಸಮುದ್ರ, ರವಿವಾರ ಮಹಾಲಕ್ಷ್ಮಿಯ ದರ್ಶನ ಎಂದು ಗೊತ್ತುಮಾಡಿದರು. ಊಟಕ್ಕೆ ಬುತ್ತಿ ಕಟ್ಟುವುದೆಂದಾಯಿತು.

"ಲಾಡ್ಜ್ ಭಾಳ ತುಟ್ಟಿ," ಎಂದರು ಗಂಡ.

"ಸುಮೇಧಾನ ಮನಿ ಅದ ಅಲ್ರೀ," ಹೆಂಡತಿ ಅಂಜುತ್ತಲೇ ಅಂದಳು.

ಜಾತಿ ಬಿಟ್ಟು ಮದುವೆಯಾದ ಮಗಳ ಹೆಸರನ್ನು ಆ ಮನೆಯಲ್ಲಿ ವರ್ಷಗಳಿಂದ ಯಾರೂ ಎತ್ತಿರಲಿಲ್ಲ. ಗಂಡ ಫೋನ್ ಕೈಗೆತ್ತಿಕೊಂಡರು.

"ನಂಬರ್ ಹೇಳು."

ಎಂದೂ ಹಚ್ಚದ ನಂಬರನ್ನು ಅವಳು ಬಾಯಿಪಾಠ ಹೇಳಿದಳು. ಎತ್ತಿದವನು ಅಳಿಯ.

"ನಾ ಸುಮೇಧಾನ ಅಪ್ಪ. ಶನಿವಾರ ನಿಮ್ಮಲ್ಲೇ ಇಳೀತೇವಿ. ಆಕಿ ಕೈಯಾಗ ಫೋನ್ ಕೊಡ್ರಿ."

"ಆಕಿ ತೀರಿಕೊಂಡು ವರ್ಷಾತ್ರಿ, ಮಾವಾರ. 'ನಾ ಜೀವಂತ ಇದ್ದಾಗಲೇ ಅಪ್ಪ ನನ್ನ ಶ್ರಾದ್ಧ ಮಾಡಿ ಮುಗಿಸ್ಯಾರ, ಮತ್ತ ಹೇಳಿ ತ್ರಾಸ ಕೊಡಬ್ಯಾಡ್ರಿ' ಅಂದಿದ್ಲು."