ಕಾರ್ಡಿನಲ್ಲಿಲ್ಲದ ಕಾಯಿಲೆ

ಡಾಕ್ಟರಮ್ಮ ಬಲಗಡೆಯ ಕಿಬ್ಬೊಟ್ಟೆಯನ್ನು ನಿಧಾನವಾಗಿ ಒತ್ತಿ, ಕೈಯನ್ನು ಥಟ್ಟನೆ ಮೇಲೆತ್ತಿದರು. ಒತ್ತಿದಾಗ ತುಟಿ ಕಚ್ಚಿ ಸಹಿಸಿಕೊಂಡಿದ್ದ ಶೆಣ್ಬಗ, ಕೈ ಎತ್ತಿದಾಗ ಕಿರುಚಿಬಿಟ್ಟಳು.

“ಅಪೆಂಡಿಕ್ಸ್ ಥರಾನೇ ಇದೆಯಲ್ಲ.”

“ಅದು ಹೋದ ವರ್ಷವೇ ಹೋಯ್ತು ತಾಯಿ,” ಎಂದಳು ಮಂಚದ ತಲೆಯ ಬಳಿ ನಿಂತಿದ್ದ ಅತ್ತೆ ಪೇಚಿಯಮ್ಮಾಳ್. “ಸರ್ಕಾರದ ವಿಮೆ ಕಾರ್ಡಲ್ಲೇ ಆಪರೇಷನ್ ಆಯ್ತು. ದಿನಾ ಗಂಜಿ ಕಾಯಿಸಿ ಕೊಟ್ಟೋಳು ನಾನೇ. ನಿನ್ನೆ ನನ್ನ ಮಗಳ ಬಳೆ ಶಾಸ್ತ್ರ ನೋಡಿ. ಹುಳಿ ಅನ್ನ, ತೆಂಗಿನಕಾಯಿ ಅನ್ನ, ಮೊಸರನ್ನ, ಎಲ್ಲಾ ಒಟ್ಟಿಗೆ ತುಂಬಿಸ್ಕೊಂಡ್ರೆ ಹೊಟ್ಟೆ ಸುಮ್ನಿರುತ್ತಾ?”

ಡಾಕ್ಟರಮ್ಮ ಸೀರೆ ಸರಿಸಿ ನೋಡಿದರು. ಹೊಕ್ಕುಳಿನ ಆಸುಪಾಸಿನಲ್ಲಿ ಮೂರು ಪುಟ್ಟ ಕಲೆಗಳು. ಮೇಜಿನ ಕಂಪ್ಯೂಟರಿನಲ್ಲಿ ಕಾರ್ಡಿನ ನಂಬರು ಒತ್ತಿದರು. ಅಲ್ಲೂ ಅಪೆಂಡಿಕ್ಸ್ ಆಪರೇಷನ್ ಎಂದೇ ಇತ್ತು. ಅವರ ಹೆಗಲು ಸಡಿಲವಾಯಿತು.

“ಸದ್ಯ! ಅಪೆಂಡಿಕ್ಸ್ ಇದ್ದಿದ್ರೆ ಈಗಲೇ ಆಂಬುಲೆನ್ಸ್ ಹತ್ತಿಸಿ ಮದುರೈಗೆ ಕಳಿಸ್ತಿದ್ದೆ. ಒಳಗೆ ಒಡೆದಾಗ ಎಷ್ಟೋ ಸಲ ನೋವು ಫಟ್ ಅಂತ ನಿಂತ್ಬಿಡುತ್ತೆ. ವಾಸಿ ಆಯ್ತು ಅಂತ ಮನೆಯವರು ಖುಷಿಯಾಗ್ತಾರೆ. ಆಮೇಲೆ ನಮ್ಮ ಕೈಯಲ್ಲಿ ಏನೂ ಉಳಿಯಲ್ಲ. ಇದು ಕಿಡ್ನಿ ಕಲ್ಲಿರಬೇಕು. ಡ್ರಿಪ್ ಹಾಕೋಣ. ಸ್ಕ್ಯಾನ್ ಮಾಡೋರು ನಾಳೆ ಬರ್ತಾರೆ.”

ಶೆಣ್ಬಗ ಗಂಡನ ಕಡೆ ನೋಡಿದಳು. ಮಾಡಸಾಮಿ ಬ್ಯಾಂಡೇಜ್ ಬಟ್ಟೆಯ ಮಗ್ಗದಿಂದ ಹಾಗೇ ಎದ್ದು ಬಂದಿದ್ದ. ತಲೆಗೂದಲಲ್ಲಿ ಇನ್ನೂ ಹತ್ತಿಯ ನವಿರು ಅಂಟಿತ್ತು. ಅವನು ನೆಲ ನೋಡುತ್ತಿದ್ದ.

ಆ ಮೂರು ಕಲೆಗಳಾದದ್ದು ಕಟ್ಟಿಕೊಂಡಿದ್ದ ಗರ್ಭನಾಳವನ್ನು ಬಿಡಿಸಲು. ಕಾರ್ಡಿನಲ್ಲಿ ಆಗುತ್ತದೆಯೇ ಎಂದು ಗಂಡ ಹೆಂಡತಿ ಕೇಳಿದಾಗ ನರ್ಸಿಂಗ್ ಹೋಮಿನ ಮ್ಯಾನೇಜರು ನಕ್ಕಿದ್ದ. “ಮಕ್ಕಳಾಗ್ಲಿಲ್ಲ ಅನ್ನೋದು ಕಾರ್ಡಿನ ಪಾಲಿಗೆ ಕಾಯಿಲೆಯೇ ಅಲ್ಲಮ್ಮ. ಅಪೆಂಡಿಕ್ಸ್ ಆದ್ರೆ ಕಾಯಿಲೆ. ಹೊಟ್ಟೆಗೆ ಹಾಕೋ ತೂತು ಎರಡಕ್ಕೂ ಒಂದೇ, ಅಪೆಂಡಿಕ್ಸ್ ಅಂತ್ಲೇ ಬರ್ಕೋತೀವಿ. ಮನೇಲೂ ಹಾಗೇ ಹೇಳ್ಬಿಡಿ, ನಿಮಗೂ ಒಳ್ಳೇದು.” ಒಳ್ಳೆಯದೇ ಆಗಿತ್ತು. ಸೊಸೆಯಲ್ಲಿ ದೋಷವಿದೆ ಎಂದು ಅತ್ತೆಗೆ ಗೊತ್ತಾಗಲೇ ಇಲ್ಲ. ನಿನ್ನೆ ಬಸುರಿ ಮಗಳಿಗೆ ಬಳೆ ತೊಡಿಸಿದ ಮೇಲೆ ಪೇಚಿಯಮ್ಮಾಳ್ ಉಳಿದ ಹಸಿರು ಬಳೆಗಳನ್ನು ತಾನೇ ಇವಳ ಕೈಗೇರಿಸಿ, “ಮುಂದಿನ ಸಲ ಈ ಮಣೆ ಮೇಲೆ ನೀನೇ ಕೂರ್ಬೇಕು,” ಎಂದಿದ್ದಳು. ಅಷ್ಟು ಹೆಂಗಸರ ಎದುರಿಗೆ.

ನರ್ಸು ಸೂಜಿ ಚುಚ್ಚಿ ಹೋದಳು. ಪೇಚಿಯಮ್ಮಾಳ್ ನೀರು ತರಲು ಹೊರಗೆ ಹೋದಳು.

“ರೀ, ಹೇಳ್ಬಿಡಿ,” ಎಂದಳು ಶೆಣ್ಬಗ. “ನನಗೆ ಭಯ ಆಗ್ತಿದೆ.”

ಮಾಡಸಾಮಿ ಕಿಟಕಿಯ ಕಡೆ ಕಣ್ಣು ಹಾಯಿಸಿದ. ಎದುರಿನ ಕಟ್ಟಡದಲ್ಲಿ ಅವನ ಅಪ್ಪ ಡಯಾಲಿಸಿಸ್ ಯಂತ್ರಕ್ಕೆ ಕೈಕೊಟ್ಟು ಮಲಗಿದ್ದರು. “ಅದೂ ಇದೇ ಕಾರ್ಡಲ್ಲಿ ಕಣೆ. ಸುಳ್ಳು ಲೆಕ್ಕ ಕೊಟ್ಟಿದ್ದಾರೆ ಅಂತ ಕಾರ್ಡು ಕಿತ್ಕೊಂಡ್ರೆ ಅಪ್ಪ ಎಷ್ಟು ದಿನ ಇರ್ತಾರೆ? ಕಲ್ಲೇ ಇರಬಹುದು ಅಂದ್ರಲ್ಲ. ನಾಳೆವರೆಗೆ ತಡ್ಕೋ, ನನ್ನ ಚಿನ್ನ.”

“ನಾಳೆ ಅಂದ್ರೆ ನಾನಿರ್ಬೇಕಲ್ಲ.”

ಅವನು ಅವಳ ಹಣೆಯ ಬೆವರನ್ನು ಅಂಗೈಯಿಂದ ಒರೆಸಿದ. ಆ ಕೈ ಅವಳ ಹಣೆಗಿಂತ ತಣ್ಣಗಿತ್ತು.

ಡ್ರಿಪ್ ಅರ್ಧ ಇಳಿಯುವ ಹೊತ್ತಿಗೆ ಮೈ ಕಾದ ಹೆಂಚಾಯಿತು. ನೋವು ತೊಡೆಯವರೆಗೆ ಇಳಿದು ಮತ್ತೆ ಮೇಲೇರಿ ಬಂತು. ಡಾಕ್ಟರಮ್ಮ ಬಂದು ನಾಡಿ ಹಿಡಿದಾಗ ಶೆಣ್ಬಗ ಅವರ ಕೈಯನ್ನು ಬಿಡಲಿಲ್ಲ.

“ಅಪೆಂಡಿಕ್ಸ್ ತೆಗೆದಿಲ್ಲ ಡಾಕ್ಟರಮ್ಮ. ಅದು ಒಳಗೇ ಇದೆ. ನನಗೆ ಮಕ್ಕಳಾಗೋ ನಾಳ ಕಟ್ಕೊಂಡಿತ್ತು, ಅದನ್ನ ಬಿಡಿಸಿದ್ರು. ಕಾರ್ಡಿಗೆ ಅಪೆಂಡಿಕ್ಸ್ ಅಂತ ಬರ್ಸಿದ್ರು, ಅಷ್ಟೇ.”

ನೀರಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಪೇಚಿಯಮ್ಮಾಳ್‌ಗೂ ಅದು ಕೇಳಿಸಿತು. ಅವಳು ಮೊದಲು ಸೊಸೆಯ ಕೈಯ ಹಸಿರು ಬಳೆಗಳನ್ನು ನೋಡಿದಳು. ಆಮೇಲೆ ಮಗನ ಮುಖ. ಆಮೇಲೆ ಕಿಟಕಿಯಾಚೆಯ ಕಟ್ಟಡವನ್ನು ತುಂಬ ಹೊತ್ತು ನೋಡಿದಳು. ಬಾಟಲಿಯನ್ನು ಕೆಳಗಿಟ್ಟು ಮಂಚದ ಬಳಿಗೆ ಬಂದು, ಸೊಸೆಯ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದಳು.

“ಜ್ವರ ತಲೆಗೇರಿದೆ ತಾಯಿ, ಏನೇನೋ ಬಡಬಡಿಸ್ತಾ ಇದ್ದಾಳೆ. ನೀವು ಕಾರ್ಡನ್ನ ನಂಬಿ.”

“ಅತ್ತೆ...” ಎಂದಳು ಶೆಣ್ಬಗ.

“ಸುಮ್ನೆ ಮಲಕ್ಕೋ ಮಗಳೇ.” ದನಿ ಮೆತ್ತಗಿತ್ತು. ಗಂಜಿ ಕುಡಿಸುವಾಗಲೂ ಹಾಗೇ ಇತ್ತು.

ಡಾಕ್ಟರಮ್ಮ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿ, ಕೊನೆಗೆ ಮಾಡಸಾಮಿಯ ಕಡೆ ತಿರುಗಿದರು. “ನೀವು ಗಂಡ ಅಲ್ವಾ? ನೀವು ಹೇಳ್ರಿ. ತೆಗೆದಿದ್ದಾರೋ, ಇಲ್ವೋ?”

ಮಾಡಸಾಮಿ ಬಾಯಿ ತೆರೆದ. ಅಮ್ಮನ ಕಡೆ ನೋಡಿದ.

ಅಷ್ಟರಲ್ಲಿ ಶೆಣ್ಬಗಳ ನೋವು ಥಟ್ಟನೆ ನಿಂತುಹೋಯಿತು. ಯಾರೋ ಗಂಟು ಬಿಚ್ಚಿದ ಹಾಗೆ ಮೈ ಹಗುರಾಯಿತು. ಹಾಸಿಗೆಯ ಅಂಚನ್ನು ಹಿಡಿದಿದ್ದ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಬಳೆಗಳು ಸಣ್ಣಗೆ ಸದ್ದು ಮಾಡಿದವು.

“ನೋಡಿದ್ರಾ ತಾಯಿ,” ಎಂದಳು ಪೇಚಿಯಮ್ಮಾಳ್, “ಮುಖ ಎಷ್ಟು ಗೆಲುವಾಯ್ತು!”