ಒದೆಯುವ ಹಸುಗಳು

"ಅಮ್ಮಾ, ಆ ಕಪ್ಪಿನೊಳಗಿಂದ ಬೆರಳು ತೆಗೀರಿ. ಟೈಮ್ ಓಡ್ತಾ ಇದೆ," ಎಂದರು ಪರೀಕ್ಷಕರು.

ದೊಡ್ಡಮ್ಮ ತೆಗೆಯಲಿಲ್ಲ. ಹಸುವಿನ ಕೆಚ್ಚಲು ತೊಳೆದು ಒರೆಸಿ ಆಗಿತ್ತು. ಇನ್ನು ಒಂದೂವರೆ ನಿಮಿಷದೊಳಗೆ ಹಾಲು ಕರೆಯುವ ಯಂತ್ರದ ನಾಲ್ಕು ರಬ್ಬರ್ ಕಪ್‌ಗಳನ್ನು ಕೆಚ್ಚಲಿನ ನಾಲ್ಕು ತೊಟ್ಟುಗಳಿಗೆ ಹಾಕಬೇಕು. ತಡವಾದರೆ ಪ್ರಾಯೋಗಿಕ ಪರೀಕ್ಷೆಯ ನಲವತ್ತು ಅಂಕಕ್ಕೂ ಎಳ್ಳುನೀರು. ಅಂಥ ಹೊತ್ತಿನಲ್ಲಿ ಈ ಹೆಂಗಸು ಒಂದು ಕಪ್ಪಿನೊಳಗೆ ಹೆಬ್ಬೆರಳು ತೂರಿಸಿ, ಕಣ್ಣು ಮುಚ್ಚಿ ನಿಂತುಬಿಟ್ಟಿದ್ದಳು.

ತರಗತಿಗೆಲ್ಲ ಅವಳು ದೊಡ್ಡಮ್ಮ. ಜೊತೆಗೆ ಕಲಿಯುವವರೆಲ್ಲ ಇಪ್ಪತ್ತರ ಆಸುಪಾಸಿನವರು, ಇವಳಿಗೆ ಐವತ್ತೆರಡು. ಒಂದೇ ಡೈರಿಯಲ್ಲಿ ಇಪ್ಪತ್ತೆರಡು ವರ್ಷ ಕೈಯಲ್ಲೇ ಹಾಲು ಕರೆದವಳು. ಈಗ ಅಲ್ಲಿಗೂ ಯಂತ್ರ ಬಂದಿತ್ತು. ಒಂದನೇ ತಾರೀಖಿನಿಂದ ಸರ್ಟಿಫಿಕೇಟ್ ಇಲ್ಲದವರು ಕೊಟ್ಟಿಗೆಯೊಳಗೆ ಕಾಲಿಡುವ ಹಾಗಿಲ್ಲ ಎಂದು ಮಾಲೀಕರು ಕಡ್ಡಿ ಮುರಿದಂತೆ ಹೇಳಿದ್ದರು. ಉಳಿದ ಹೆಂಗಸರು ಹಣೆಬರಹ ಎಂದು ಸುಮ್ಮನಾದರು. ದೊಡ್ಡಮ್ಮ ಮಾತ್ರ ಹೊಸ ಕನ್ನಡಕ ಏರಿಸಿ, ಮೂರು ತಿಂಗಳ ತರಬೇತಿಗೆ ಹೆಸರು ಬರೆಸಿ, ಮೊದಲ ಬೆಂಚಿನಲ್ಲಿ ಕೂತು, ಯಂತ್ರದ ಹಿಡಿತವನ್ನು ಬಿಗಿದು ಸಡಿಲಿಸುವ 'ಪಲ್ಸೇಟರ್' ಎಂಬ ಭಾಗದ ಹೆಸರಿಗೆ ನಾಲಿಗೆ ಹೊರಳುವ ತನಕ ಉರುಹೊಡೆದಳು. ಆ ಹಟಕ್ಕೆ ಯಾರಾದರೂ ಕೈಮುಗಿಯಬೇಕು.

"ಇದು ಬಿಡ್ತಾ ಇಲ್ಲ ಸಾರ್," ಎಂದಳು ಕಣ್ಣು ತೆರೆದು.

"ಏನು ಬಿಡ್ತಾ ಇಲ್ಲ?"

"ಹಿಡಿತ. ಕರು ಕುಡಿಯೋವಾಗ ಚೀಪುತ್ತೆ, ಬಿಡುತ್ತೆ. ಪಲ್ಸೇಟರ್ರೂ ಹಾಗೇ ಮಾಡ್ಬೇಕು, ಹಾಕೋಕೆ ಮುಂಚೆ ಬೆರಳಿಟ್ಟು ನೋಡ್ಬೇಕು ಅಂತ ಪಾಠದಲ್ಲೇ ಇದೆ. ಇದು ಒಂದೇ ಸಮ ಎಳೀತಾ ಇದೆ. ನಾನು ಹಾಕಲ್ಲ."

ಪರೀಕ್ಷಕರು ಯಂತ್ರದ ಮೇಲಿನ, ಒತ್ತಡ ಅಳೆಯುವ ಮುಳ್ಳು ತೋರಿಸಿದರು. ಅದು ಇರಬೇಕಾದಲ್ಲೇ ಇತ್ತು. ಟಿಕ್ ಟಿಕ್ ಸದ್ದೂ ಲಯ ತಪ್ಪಿರಲಿಲ್ಲ. "ಮೆಷಿನ್ ಸರಿಯಾಗೇ ಇದೆ. ಈ ಹಸುಗಳೇ ಒದೆಯೋ ಜಾತಿ. ಬೆಳಿಗ್ಗೆ ಆರು ಜನರ ಪರೀಕ್ಷೇಲಿ ಆರೂ ಹಸು ಒದ್ವು. ಅದಕ್ಕೇ ಈಗ ಎಲ್ಲದಕ್ಕೂ ಹಿಂಗಾಲು ಕಟ್ಸಿದೀನಿ. ಹೆದರ್ಕೋಬೇಡಿ, ಹಾಕಿ."

"ಆರಕ್ಕೆ ಆರೂ ಒದೆಯುತ್ತಾ ಸಾರ್? ತೊಟ್ಟಿನ ತುದಿ ನೋಡಿ, ಬೆಳಿಗ್ಗೆ ಈ ಮೆಷಿನ್ನಲ್ಲಿ ಕರೆದಾಗ ಊದಿದ್ದು ಇನ್ನೂ ಹಾಗೇ ಇದೆ. ನೋವಿಗೆ ಒದ್ದಿರೋದು ಅದು. ಮೆಷಿನ್ನು ಬಿಚ್ಚಿ ನೋಡ್ಲಾ?"

"ರಿಪೇರಿ ನಿಮ್ಮ ಸಿಲಬಸ್ಸಲ್ಲಿಲ್ಲ. ಬಿಚ್ಚಿದ್ರೆ ಸೊನ್ನೆ ಹಾಕ್ಬೇಕಾಗುತ್ತೆ."

ಮೂಲೆಯಲ್ಲಿ ನಿಂತಿದ್ದ ಮೇಡಂ ಒಂದು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತಳು. ಮೂರು ತಿಂಗಳು ಪಾಠ ಹೇಳಿದವಳು, ವಯಸ್ಸಿನಲ್ಲಿ ದೊಡ್ಡಮ್ಮನಿಗೆ ಮಗಳಾಗುವಂಥವಳು. ಪರೀಕ್ಷೆಯ ಹೊತ್ತಿನಲ್ಲಿ ಕಲಿಸಿದವರು ತುಟಿ ಪಿಟಕ್ಕೆನ್ನುವಂತಿಲ್ಲ. 'ಹಾಕಿಬಿಡಿ ದೊಡ್ಡಮ್ಮ, ಐದು ನಿಮಿಷದ ಮಾತು' ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಹಾಗೆ ಬೇಡಿಕೊಂಡದ್ದಕ್ಕೆ ಆಮೇಲೆ ಅವಳಿಗೇ ನಾಚಿಕೆಯಾಯಿತು.

ದೊಡ್ಡಮ್ಮ ಗಡಿಯಾರ ನೋಡಿದಳು. ಒಂದೂವರೆ ನಿಮಿಷ ಮುಗಿದುಹೋಗಿತ್ತು. ಒಂದನೇ ತಾರೀಖಿಗೆ ಇನ್ನು ಒಂಬತ್ತೇ ದಿನ.

"ಹಾಕ್ಕೊಳಿ ಸಾರ್ ಸೊನ್ನೆ. ಆದ್ರೆ ಒಂದ್ಸಲ ನೀವೂ ಬೆರಳಿಟ್ಟು ನೋಡಿ. ಹಸುವಿಗೆ ಹೇಳ್ಕೊಳಕ್ಕೆ ಬಾಯಿಲ್ಲ, ನಮಗಿದೆಯಲ್ಲ."

ಎಂಥ ತಲೆನೋವು ಎಂಬ ಮುಖ ಮಾಡಿಕೊಂಡೇ ಪರೀಕ್ಷಕರು ಬಂದರು. ಬೆರಳಿಟ್ಟು ಮೊದಲು ನಕ್ಕರು. ಹತ್ತು ಎಣಿಸುವಷ್ಟರಲ್ಲಿ ನಗು ಹೋಯಿತು. ಇನ್ನೂ ಸ್ವಲ್ಪ ಹೊತ್ತು ತಡೆದು, ಪಟ್ಟನೆ ಕಿತ್ತುಕೊಂಡಾಗ ಬೆರಳಿನ ತುದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಬಿಚ್ಚಿ," ಎಂದರು.

ದೊಡ್ಡಮ್ಮ ಪಂಪು ನಿಲ್ಲಿಸಿದಳು. ಪಲ್ಸೇಟರ್‌ನ ಮುಚ್ಚಳ ತಿರುವಿ, ಗಾಳಿ ಒಳಬರುವ ದಾರಿಯಲ್ಲಿದ್ದ ಪುಟ್ಟ ಸ್ಪಂಜನ್ನು ಹೊರತೆಗೆದಳು. ಬೂಸಾದ ಧೂಳು ತೇವ ಕುಡಿದು ಗಾರೆ ಮೆತ್ತಿದಂತೆ ಗಟ್ಟಿಯಾಗಿತ್ತು. ಗಾಳಿ ಬಂದರಲ್ಲವೇ ಹಿಡಿತ ಸಡಿಲುವುದು! ಸ್ಪಂಜನ್ನು ತೊಳೆದು, ಹಿಂಡಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ ಮತ್ತೆ ಕೂರಿಸಿದಳು. ಆ ಕೈಗಳಿಗೆ ಆತುರವೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಕಲಿತದ್ದೂ ಪಳಗಿದ್ದೂ ಒಂದೇ ಬೆರಳಲ್ಲಿ ಕೂಡಿಕೊಂಡರೆ ಕೆಲಸ ಎಷ್ಟು ಚೆಂದ ಕಾಣುತ್ತದೆ ಎಂದು ಮೇಡಂ ಅವತ್ತು ನೋಡಿದಳು.

ಪಂಪು ಶುರುವಾಯಿತು. ದೊಡ್ಡಮ್ಮ ಮತ್ತೆ ಬೆರಳಿಟ್ಟು ನೋಡಿ, ತಲೆಯಾಡಿಸಿ, ಕೆಚ್ಚಲನ್ನು ಇನ್ನೊಮ್ಮೆ ಒರೆಸಿದಳು. ಆಮೇಲೆ ಯಾರನ್ನೂ ಕೇಳದೆ ಹಸುವಿನ ಹಿಂಗಾಲಿನ ಹಗ್ಗ ಬಿಚ್ಚಿ ಕಪ್ ಹಾಕಿದಳು. ಹಸು ಕಾಲೆತ್ತಿತು. ಏನನ್ನಿಸಿತೋ ಏನೋ, ಅದು ಎತ್ತಿದ ಕಾಲನ್ನು ಮೆಲ್ಲಗೆ ಇದ್ದಲ್ಲೇ ಇಟ್ಟು ಮೆಲುಕು ಹಾಕತೊಡಗಿತು. ಗಾಜಿನ ಕೊಳವೆಯಲ್ಲಿ ಹಾಲು ಹರಿಯಿತು.

ಪರೀಕ್ಷಕರು ಅಂಕಪಟ್ಟಿಯಲ್ಲಿ 'ಸಮಯ' ಎಂದಿದ್ದ ಸಾಲಿಗೆ ಉದ್ದಕ್ಕೂ ಗೀಟು ಎಳೆದರು. ಕೆಳಗೆ ನಲವತ್ತಕ್ಕೆ ನಲವತ್ತು ಎಂದು ಬರೆದು ಸಹಿ ಹಾಕಿದರು.

"ಬೆಳಿಗ್ಗೆ ಪಾಸಾದವರನ್ನೆಲ್ಲ ನಾಳೆ ಮತ್ತೆ ಬರೋಕೆ ಹೇಳಿ."

ಮೇಡಂ ಪುಸ್ತಕ ತೆರೆದಳು. "ಮರುಪರೀಕ್ಷೆಗೆ ಆರು ಜನ. ಸರಿನಾ ಸಾರ್?"

ಪರೀಕ್ಷಕರು ಅಷ್ಟರಲ್ಲಿ ಪಕ್ಕದ ಹಸುವಿನ ಹತ್ತಿರ ಹೋಗಿ, ಅದರ ಕಾಲಿನ ಗಂಟು ಬಿಚ್ಚಲು ಕುಕ್ಕರಗಾಲಲ್ಲಿ ಕೂತಿದ್ದರು.

"ಏಳು ಅಂತ ಬರ್ಕೊಳಿ," ಎಂದರು ತಲೆ ಎತ್ತದೆ. "ಅವರನ್ನ ಪಾಸ್ ಮಾಡಿದವನೂ ಬರ್ತಾನೆ."